ಮೆಶ್ ಬೆನ್ನಿನ ಕುರ್ಚಿ: ಆರು ತಿಂಗಳ ಬಳಕೆಯ ನಂತರ

ರಾತ್ರಿ ಪಾಳಿಯಲ್ಲಿ ಒಂಬತ್ತು ಗಂಟೆ ಕಂಪ್ಯೂಟರಿನ ಮುಂದೆ ಕೂರುವ ನಾನು, ಸೊಂಟನೋವಿನಿಂದ ಬೇಸತ್ತು, ಆರು ತಿಂಗಳ ಹಿಂದೆ ಮಂಗಳೂರಿನ ಹಂಪನಕಟ್ಟೆಯ ಸಮೀಪದ ಮಳಿಗೆಯೊಂದರಲ್ಲಿ ಮೆಶ್ (ಜಾಲರಿಯಂಥ ಬಟ್ಟೆ) ಬೆನ್ನಿನ ಕುರ್ಚಿಯೊಂದನ್ನು ಕೊಂಡೆ. ಅಂಗಡಿಯವರು ರೆಕ್ಸಿನ್ ಹೊದಿಕೆಯ ‘ಬಾಸ್ ಚೇರ್’ ಅನ್ನೇ ಹೊಗಳಿದರು. ಆದರೆ ಕರಾವಳಿಯ ಸೆಕೆಯಲ್ಲಿ ರೆಕ್ಸಿನ್ ಬೆನ್ನಿಗಂಟುತ್ತದೆ, ಎರಡು ಮಳೆಗಾಲ ಕಳೆಯುವಷ್ಟರಲ್ಲಿ ಸಿಪ್ಪೆಯೇಳುತ್ತದೆ ಎಂಬುದನ್ನು ನನ್ನ ಹಳೆಯ ಕುರ್ಚಿಯೇ ತೋರಿಸಿಕೊಟ್ಟಿತ್ತು. ಮೆಶ್‌ನಲ್ಲಿ ಗಾಳಿಯಾಡುತ್ತದೆ, ಅಂಗಿ ಒದ್ದೆಯಾಗುವುದಿಲ್ಲ.

ಸೊಂಟದ ಆಸರೆಯನ್ನು ಮೇಲೆ ಕೆಳಗೆ ಸರಿಸಬಹುದು. ಅದು ಬೆನ್ನಿನ ಕೆಳಭಾಗದ ಬಾಗಿಗೆ ಸರಿಯಾಗಿ ಕೂತ ದಿನದಿಂದ ನೋವು ಬಹಳಷ್ಟು ಇಳಿದಿದೆ. ಕೈಯಾಸರೆಯನ್ನು ಮಾತ್ರ ಏರಿಳಿಸಲಾಗದು. ಮೊಣಕೈ ಸುಮಾರು 90 ಡಿಗ್ರಿಯಲ್ಲಿ ಮೇಜಿಗೆ ಸಮವಾಗುವಂತೆ ಆಸನ ಏರಿಸಿದರೆ ನನ್ನ ಪಾದ ನೆಲ ಮುಟ್ಟುವುದಿಲ್ಲವಾದ್ದರಿಂದ, ಅಡುಗೆಮನೆಯ ಮಣೆಯನ್ನೇ ಕಾಲಡಿಗೆ ಇಟ್ಟುಕೊಂಡಿದ್ದೇನೆ (ಮನೆಯವರ ಆಕ್ಷೇಪ ಇನ್ನೂ ಮುಗಿದಿಲ್ಲ).

ಮೂರನೆಯ ತಿಂಗಳಿಗೇ ಗ್ಯಾಸ್ ಲಿಫ್ಟ್ (ಆಸನವನ್ನು ಏರಿಳಿಸುವ ಸಿಲಿಂಡರ್) ಸೋತು, ಕೂತಲ್ಲೇ ಆಸನ ಮೆಲ್ಲಗೆ ಇಳಿಯತೊಡಗಿತು. ವಾರಂಟಿ ಇದ್ದರೂ ಬದಲಿ ಸಿಲಿಂಡರಿಗಾಗಿ 19 ದಿನ ಕಾಯಬೇಕಾಯಿತು. ಇನ್ನು, ಕುರ್ಚಿ ಎಷ್ಟೇ ಒಳ್ಳೆಯದಿದ್ದರೂ ಅರ್ಧ ಗಂಟೆಗೊಮ್ಮೆ ಎದ್ದು ನಾಲ್ಕು ಹೆಜ್ಜೆ ಹಾಕದಿದ್ದರೆ ಕಾಲು ಜೋಮು ಹಿಡಿಯುವುದು ತಪ್ಪಿಲ್ಲ. ಕೊಳ್ಳುವವರು ಕೈಯಾಸರೆ ಏರಿಳಿಯುವ ಮಾದರಿಯನ್ನೇ ಕೇಳಿ, ಅಂಗಡಿಯಲ್ಲಿ ಹತ್ತು ನಿಮಿಷವಾದರೂ ಕೂತು ನೋಡುವುದು ಒಳಿತು.