ಸರ್ವೆ ವರದಿ ತಡವಾದರೆ: ಅವಧಿ ವಿಸ್ತರಣೆಯೋ, ಮುಂದೂಡಿಕೆಯೋ, ಹೊಸ ಕಮಿಷನರೋ?

ಬೈಲಹೊಂಗಲದ ಹೊಲದ ಬಾಂದಿನ ದಾವೆಯಲ್ಲಿ ಕೋರ್ಟ್ ಕಮಿಷನರ್ (ಸ್ಥಳ ಅಳೆದು ವರದಿ ಕೊಡಲು ನ್ಯಾಯಾಲಯ ನೇಮಿಸಿದವರು) ಆದ ಸರ್ವೇಯರ್ ಅಳತೆಯನ್ನು ಅರ್ಧ ಮುಗಿಸಿದ್ದರೆ, ಸಿಪಿಸಿ (ಸಿವಿಲ್ ಪ್ರಕ್ರಿಯಾ ಸಂಹಿತೆ) ಕಲಂ 148ರಡಿ ಅವಧಿ ವಿಸ್ತರಣೆಯ ಅರ್ಜಿಯೇ ಲೇಸು. ಗಡುವು ದಾಟಿದ ಮೇಲೂ ಹಾಕಬಹುದು. ವಿಸ್ತರಣೆ ಒಟ್ಟು ಹೆಚ್ಚೆಂದರೆ 30 ದಿನ. ಕಾರಣ ಕಕ್ಷಿದಾರರ ಕೈಮೀರಿದ್ದಾದರೆ ಅದಕ್ಕಿಂತ ಹೆಚ್ಚೂ ಕೊಡಬಹುದೆಂದು 2005ರ ಸೇಲಂ ವಕೀಲರ ಸಂಘದ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ಅಫಿಡವಿಟ್‌ನಲ್ಲಿ ತಾರೀಖುವಾರು ಬರೆಯಿರಿ: ಶುಲ್ಕ ಕಟ್ಟಿದ್ದು, ನೋಟಿಸ್ ಮುಟ್ಟಿದ್ದು, ಕಬ್ಬು ನಿಂತು ಅಳೆಯಲಾಗದ್ದು. ‘ಕೆಲಸದ ಒತ್ತಡ’ ಎಂದಷ್ಟೇ ಬರೆದರೆ ಅರ್ಜಿ ನಿಲ್ಲುವುದು ಕಷ್ಟ.

ಮುಂದೂಡಿಕೆ ಕೇಳುವುದು ಸುಲಭ. ಆದರೆ ಸಿಪಿಸಿಯ ಆದೇಶ 17ರಡಿ ವಿಚಾರಣೆಯಲ್ಲಿ ಒಬ್ಬ ಕಕ್ಷಿದಾರನಿಗೆ ಮೂರೇ ಸಲ, ಜೊತೆಗೆ ಕಾಸ್ಟ್ (ಎದುರು ಕಕ್ಷಿಗೆ ಕಟ್ಟಿಕೊಡಬೇಕಾದ ಖರ್ಚು). ವರದಿ ಬಂದು, ಆಕ್ಷೇಪಣೆ ಸಲ್ಲಿಸಲು ದಿನವಷ್ಟೇ ಬೇಕಿದ್ದಾಗ ಇದು ಸಾಕು.

ಸರ್ವೇಯರ್ ವರ್ಗವಾಗಿ ಹೋಗಿದ್ದರೆ ಹೊಸ ಕಮಿಷನರನ್ನೇ ಕೇಳಿ. ಶುಲ್ಕ, ಅಳತೆ ಮೊದಲಿನಿಂದ ಆಗಬೇಕಾದೀತು. ಎರಡೂ ಕಡೆಯವರಿಗೆ ನೋಟಿಸ್ ಮುಟ್ಟದೆ ಅಳೆದರೆ ಆ ವರದಿಗೂ ತಕರಾರು ಬರುತ್ತದೆ.