ಆರು ವಾರ ಹೊಸ್ತಿಲ ಮೇಲೆ ಕೂತಿದ್ದೆ: ಒಂದು ಆನ್‌ಲೈನ್ ಕೋರ್ಸಿನ ವಿಮರ್ಶೆ

ಇವತ್ತಿನ ಕಾದಂಬರಿಗಳಲ್ಲಿ ಅತ್ತಲೂ ಇಲ್ಲದ, ಇತ್ತಲೂ ಇಲ್ಲದ ಪಾತ್ರಗಳ ಬಗ್ಗೆ ಆರು ವಾರದ ಆನ್‌ಲೈನ್ ಕೋರ್ಸ್ ಒಂದನ್ನು ಮುಗಿಸಿದೆ. ಐದಕ್ಕೆ ಮೂರು ಸ್ಟಾರ್. ಅದರಲ್ಲಿ ಎರಡು ಮೊದಲ ವಾರಕ್ಕೇ ಹೋಗುತ್ತವೆ.

ಆ ವಾರ ನಿಜಕ್ಕೂ ಚೆನ್ನಾಗಿತ್ತು. ಇಂಥ ನಡುವಿನ ಸ್ಥಿತಿಗೆ ಹೇಳೋ ಲಿಮಿನಲ್ ಅನ್ನೋ ದೊಡ್ಡ ಪದದ ಹಿಂದೆ ಇರೋದು ಲ್ಯಾಟಿನ್ನಿನ ಲೀಮೆನ್, ಅಂದರೆ ಹೊಸ್ತಿಲು, ಅಷ್ಟೇ. ಮದುವೆ, ದೀಕ್ಷೆಯಂಥ ಆಚರಣೆಗಳಲ್ಲಿ ಜನ ಒಂದು ಸ್ಥಿತಿಯಿಂದ ಇನ್ನೊಂದಕ್ಕೆ ದಾಟುವುದಕ್ಕೆ ಜನಾಂಗ ಅಧ್ಯಯನಕಾರ ಆರ್ನಾಲ್ಡ್ ವಾನ್ ಗೆನೆಪ್ 1909ರಲ್ಲೇ ಮೂರು ಹಂತ ಗುರುತಿಸಿದ್ದರು: ಹಳೆಯದನ್ನು ಬಿಡುವುದು, ನಡುವೆ ಇರುವುದು, ಹೊಸದಕ್ಕೆ ಸೇರುವುದು. 1960ರ ದಶಕದಲ್ಲಿ ಮಾನವಶಾಸ್ತ್ರಜ್ಞ ವಿಕ್ಟರ್ ಟರ್ನರ್ ಆ ನಡುವಿನ ಹಂತವನ್ನೇ ಹಿಡಿದು ಕೂತರು. ಇಷ್ಟನ್ನು ಅರ್ಧ ಗಂಟೆಯಲ್ಲಿ, ಬೋರ್ ಹೊಡೆಸದೆ ಹೇಳಿದರು.

ಎರಡನೇ ವಾರದಿಂದ ಹಳಿ ತಪ್ಪಿತು. ವಿಮಾನ ನಿಲ್ದಾಣ ಲಿಮಿನಲ್, ಲಿಫ್ಟ್ ಲಿಮಿನಲ್, ಹದಿಹರೆಯ ಲಿಮಿನಲ್, ಮನೆ ಬದಲಿಸೋದೂ ಲಿಮಿನಲ್. ಹೀಗೆ ಎಲ್ಲಕ್ಕೂ ಒಂದೇ ಚೀಟಿ ಅಂಟಿಸಿದರೆ ಪದಕ್ಕೆ ಏನು ಬೆಲೆ, ಅಲ್ವಾ?

ಮೊಹ್ಸಿನ್ ಹಮೀದ್ ಅವರ 2017ರ 'ಎಕ್ಸಿಟ್ ವೆಸ್ಟ್' ಪಾಠ ನನಗೆ ಜಾಸ್ತಿ ಬೇಸರ ತಂದಿತು. ಅದರಲ್ಲಿ ಕಪ್ಪು ಬಾಗಿಲು ದಾಟಿದರೆ ಇನ್ನೊಂದು ದೇಶ. ಪಾಠ ಪೂರ್ತಿ ಬಾಗಿಲಿನ ಸುತ್ತಲೇ ಸುತ್ತಿತು. ಆದರೆ ಬಾಗಿಲು ದಾಟೋಕೆ ಎಷ್ಟು ಹೊತ್ತು ಬೇಕು? ನಡುವೆ ಸಿಕ್ಕಿಕೊಳ್ಳೋದು ದಾಟಿದ ಮೇಲೆ, ಕಾದಂಬರಿಯ ಪ್ರೇಮಿಗಳಾದ ಸಯೀದ್ ಮತ್ತು ನಾದಿಯಾ ಒಂದು ಶಿಬಿರದಿಂದ ಇನ್ನೊಂದು ಕಡೆ ಹೋಗುತ್ತಾ, ಪರಸ್ಪರ ಬಿಡಲಾಗದೆ, ಇರಲೂ ಆಗದೆ ಮೆಲ್ಲಗೆ ದೂರವಾಗುವಾಗ. ಅದರ ಬಗ್ಗೆ ಎರಡೇ ವಾಕ್ಯ.

ಇಲ್ಲಿ ನನಗೆ ನೆನಪಾಗಿದ್ದು ನಮ್ಮ ತ್ರಿಶಂಕು. ಹೊಸ್ತಿಲು ಇರೋದು ದಾಟೋಕೆ. ತ್ರಿಶಂಕುವಿಗೆ ದಾಟೋದೇ ಇಲ್ಲ, ನಡುವೆಯೇ ಒಂದು ಸ್ವರ್ಗ ಕಟ್ಟಿಕೊಟ್ಟರು. ಈಗಿನ ಎಷ್ಟೋ ಪಾತ್ರಗಳು ವಾನ್ ಗೆನೆಪ್‌ಗಿಂತ ಇವನಿಗೇ ಹತ್ತಿರ. ಜಾರ್ಜ್ ಸಾಂಡರ್ಸ್ ಅವರ 'ಲಿಂಕನ್ ಇನ್ ದಿ ಬಾರ್ಡೋ'ದಲ್ಲಿ ಸತ್ತವರು ತಾವು ಸತ್ತಿದ್ದೇವೆ ಅಂತ ಒಪ್ಪೋದೇ ಇಲ್ಲ. ಶವಪೆಟ್ಟಿಗೆಗೆ 'ಕಾಯಿಲೆ ಪೆಟ್ಟಿಗೆ' ಅಂತಾರೆ! ನಾಲ್ಕನೇ ವಾರದ ಈ ಪಾಠದಲ್ಲಿ ಮಾತ್ರ ಮೇಷ್ಟ್ರು ಪುಸ್ತಕವನ್ನೇ ಓದಿ ತೋರಿಸಿದರು, ಹಾಗಾಗಿ ಮೂರನೇ ಸ್ಟಾರ್.

ಬರೆದು ಕಳಿಸಿದ ಮೂರು ಲೇಖನಕ್ಕೂ ಬಂದ ಉತ್ತರ ಒಂದೇ: 'ಚೆನ್ನಾಗಿ ಗಮನಿಸಿದ್ದೀರಿ'. ಮೂರನೆಯದರಲ್ಲಿ ನಾನು ಅವರ ಬಾಗಿಲಿನ ವಾದವನ್ನೇ ತಪ್ಪು ಅಂದಿದ್ದೆ.