ಮಲಾವಿ ಸರೋವರದಲ್ಲಿ ಈಜುವ ಆಸೆ ಇದ್ದರೆ ಇದನ್ನು ಓದಿಬಿಡಿ

ಕೆಲಸದ ಮೇಲೆ ಮಲಾವಿ ದೇಶದ ರಾಜಧಾನಿ ಲಿಲಾಂಗ್ವೆಗೆ ಹೋದವರಿರಲಿ, ಅಲ್ಲಿರುವ ನೆಂಟರ ಮನೆಗೆ ಹೋದವರಿರಲಿ, ಒಂದು ಶನಿವಾರ ಭಾನುವಾರ ಸರೋವರದ ದಡದಲ್ಲಿರುವ ಕೇಪ್ ಮೆಕ್ಲಿಯರ್‌ಗೆ ಹೋಗದೆ ಬರುವುದು ಕಷ್ಟ. ಹೋಗಿ, ಬೇಡ ಅನ್ನಲ್ಲ. ಸರೋವರದ ನೀರು ತಳ ಕಾಣುವಷ್ಟು ತಿಳಿ, ಬಣ್ಣಬಣ್ಣದ ಮೀನು ಕಾಲ ಹತ್ತಿರವೇ ಓಡಾಡುತ್ತವೆ. ಆದರೆ ನೀರಿಗೆ ಇಳಿಯುವ ಮೊದಲು ಬಿಲ್ಹಾರ್ಜಿಯಾ ಅನ್ನುವ ಹೆಸರು ತಲೆಯಲ್ಲಿ ಇಟ್ಟುಕೊಳ್ಳಿ. ನೀರಿನಲ್ಲಿರುವ ಒಂದು ಹುಳು ಮೈಯೊಳಗೆ ಸೇರಿ ಬರುವ ಕಾಯಿಲೆ ಅದು. ಮಲೇರಿಯಾ ಮಾತ್ರೆ ತಗೊಳ್ಳಿ ಅಂತ ಎಲ್ಲರೂ ಹೇಳುತ್ತಾರೆ. ಇದರ ಬಗ್ಗೆ ನಮ್ಮ ಕಡೆ ಯಾರೂ ಬಾಯಿ ಬಿಡುವುದಿಲ್ಲ.

ನಾವು ಉಳಿದುಕೊಂಡಿದ್ದ ಲಾಡ್ಜಿನವರನ್ನು ನೇರವಾಗಿ ಕೇಳಿದ್ದೆವು. ಜೊಂಡು ಬೆಳೆದ, ನಿಂತ ನೀರಿನಲ್ಲಿ ಮಾತ್ರ ಆ ಕಾಯಿಲೆ, ಇಲ್ಲಿ ನೋಡಿ ಬರೀ ಮರಳು, ಅಲೆ ಬೇರೆ ಹೊಡೆಯುತ್ತೆ, ಧೈರ್ಯವಾಗಿ ಇಳಿಯಿರಿ ಅಂದರು. ಒಂದು ಕಾಲಕ್ಕೆ ಆ ಮಾತು ಸರಿಯಾಗಿಯೇ ಇತ್ತು. ಈ ಹುಳು ಬೆಳೆಯುವುದು ಸಿಹಿನೀರಿನ ಬಸವನಹುಳುವಿನೊಳಗೆ. ಬಸವನಹುಳು ತಿನ್ನುವ ಮೀನುಗಳು ದಡದ ಹತ್ತಿರ ಬೇಕಾದಷ್ಟು ಇದ್ದಾಗ ಬಸವನಹುಳುಗಳ ಸಂಖ್ಯೆ ಹಿಡಿತದಲ್ಲಿತ್ತು. 1980ರ ದಶಕದಿಂದ ಈಚೆಗೆ ಬಲೆ ಹಾಕಿ ಆ ಮೀನುಗಳನ್ನು ವಿಪರೀತ ಹಿಡಿದರು, ಬಸವನಹುಳು ಹೆಚ್ಚಾದವು. ಬರೀ ಮರಳಿನಲ್ಲೇ ಬದುಕುವ ಒಂದು ಜಾತಿಯ ಬಸವನಹುಳುವೂ ಈ ಕಾಯಿಲೆಯ ಹುಳುವನ್ನು ಹೊರುತ್ತದೆ ಅಂತ ಆಮೇಲೆ ಗೊತ್ತಾಯಿತು. ಹಾಗಾಗಿ ‘ಇಲ್ಲಿ ಮರಳು, ಏನೂ ಆಗಲ್ಲ’ ಅನ್ನುವ ಮಾತಿಗೆ ಈಗ ಬೆಲೆ ಇಲ್ಲ. ಆದರೂ ಹೇಳುತ್ತಾರೆ, ಪಾಪ ಅವರ ವ್ಯಾಪಾರ ನಡೆಯಬೇಕಲ್ವಾ.

ಈ ಕಾಯಿಲೆ ಬರಲು ನೀರು ಕುಡಿಯಲೇಬೇಕು ಅಂತಿಲ್ಲ. ಬಸವನಹುಳುವಿನಿಂದ ಹೊರಬಂದ, ಕಣ್ಣಿಗೆ ಕಾಣದಷ್ಟು ಚಿಕ್ಕ ಮರಿಹುಳುಗಳು ಕೆಲವೇ ನಿಮಿಷಗಳಲ್ಲಿ ಚರ್ಮ ಕೊರೆದು ಒಳಗೆ ಹೋಗುತ್ತವೆ. ಮೊಣಕಾಲುದ್ದದ ನೀರಿನಲ್ಲಿ ನಿಂತರೂ ಸಾಕು.

ನನಗೆ ಅವತ್ತು ರಾತ್ರಿ ಕಾಲೆಲ್ಲ ತುರಿಕೆ ಬಂತು, ಬೆಳಗ್ಗೆ ಹೊತ್ತಿಗೆ ಹೋಯಿತು. ಬೆಂಗಳೂರಿಗೆ ವಾಪಸ್ ಬಂದು ಕೆಲವು ವಾರ ಕಳೆದ ಮೇಲೆ ಜ್ವರ, ಒಣ ಕೆಮ್ಮು, ಮೈಮೇಲೆ ಗಂಧೆ. ಮಲೇರಿಯಾ ಇಲ್ಲ, ಡೆಂಗಿ ಇಲ್ಲ. ರಕ್ತದಲ್ಲಿ ಇಯೊಸಿನೊಫಿಲ್ ಅನ್ನುವ ಬಿಳಿ ರಕ್ತಕಣ ಮಾತ್ರ ಸಿಕ್ಕಾಪಟ್ಟೆ ಜಾಸ್ತಿ. ಆಫ್ರಿಕಾಕ್ಕೆ ಹೋಗಿದ್ದೆ, ಸರೋವರದಲ್ಲಿ ಈಜಿದ್ದೆ ಅಂತ ನಾನೇ ಹೇಳಿದೆ, ಡಾಕ್ಟರ್ ತಲೆಯಾಡಿಸಿ ಅಲ್ಬೆಂಡಜೋಲ್ ಬರೆದುಕೊಟ್ಟರು. ಅದು ಹೊಟ್ಟೆಹುಳದ ಮಾತ್ರೆ. ಈ ಹುಳು ಇರುವುದು ರಕ್ತನಾಳದೊಳಗೆ, ಆ ಮಾತ್ರೆಗೆ ಬಗ್ಗುವುದಿಲ್ಲ. ಜ್ವರ ತಾನಾಗಿಯೇ ಇಳಿಯಿತು, ಎಲ್ಲರೂ ಮಾತ್ರೆ ಕೆಲಸ ಮಾಡಿತು ಅಂದುಕೊಂಡರು.

ಎಷ್ಟೋ ತಿಂಗಳ ಮೇಲೆ ಮೂತ್ರದಲ್ಲಿ ರಕ್ತ ಕಾಣಿಸಿತು. ಶುರುವಿನಲ್ಲಿ ಅಲ್ಲ, ಕೊನೆಯ ಹನಿಗಳಲ್ಲಿ. ನೋವೂ ಅಷ್ಟಾಗಿ ಇಲ್ಲ. ಕಿಡ್ನಿ ಕಲ್ಲು ಅಂದರು, ಮನೆಯಲ್ಲಿ ಅಮ್ಮ ದಿನಾ ಬಾಳೆದಿಂಡಿನ ರಸ ಕುಡಿಸಿದರು, ಸ್ಕ್ಯಾನ್‌ನಲ್ಲಿ ಕಲ್ಲೇ ಇಲ್ಲ. ಕೊನೆಗೆ ಸೋಂಕು ರೋಗಗಳನ್ನೇ ನೋಡುವ ಒಬ್ಬ ಡಾಕ್ಟರ್ ಸರೋವರದ ಹೆಸರು ಕೇಳಿದ್ದೇ ತಡ, ನಾಳೆ ಮಧ್ಯಾಹ್ನದ ಹೊತ್ತಿನ ಮೂತ್ರ ತನ್ನಿ ಅಂದರು. ಬೆಳಗಿನದಲ್ಲ. ಮೂತ್ರದಲ್ಲಿ ಹುಳುವಿನ ಮೊಟ್ಟೆ ಜಾಸ್ತಿ ಬೀಳುವುದು ಬೆಳಗ್ಗೆ 10ರಿಂದ ಮಧ್ಯಾಹ್ನ 2 ಗಂಟೆಯ ಒಳಗೆ. ಮೈಕ್ರೋಸ್ಕೋಪ್‌ನಲ್ಲಿ ಮೊಟ್ಟೆ ಸಿಕ್ಕೇಬಿಟ್ಟವು.

ಔಷಧಿ ಇದೆ, ಪ್ರಾಜಿಕ್ವಾಂಟೆಲ್ ಅಂತ. ತೂಕ ನೋಡಿ ಕೊಡುತ್ತಾರೆ, ಸಾಮಾನ್ಯವಾಗಿ ಕೆಜಿಗೆ 40 ಮಿಲಿಗ್ರಾಂ ಲೆಕ್ಕ. ವಿಪರೀತ ಕಹಿ. ನಮ್ಮ ಬೀದಿಯ ಮೆಡಿಕಲ್‌ನಲ್ಲಿ ಇರಲಿಲ್ಲ, ಆರ್ಡರ್ ಹಾಕಿ ತರಿಸಬೇಕಾಯಿತು. ಬಲಿತ ಹುಳುವಿಗೆ ಚೆನ್ನಾಗಿ ನಾಟುತ್ತದೆ, ಎಳೆಯ ಹುಳುವಿಗೆ ಅಷ್ಟಿಲ್ಲ. ಅದಕ್ಕೇ ಈಜಿದ ಮರುದಿನ ತಗೊಂಡು ನಿಶ್ಚಿಂತೆಯಾಗಿರುವುದು ಆಗದ ಮಾತು. ಹಾಗಂತ ಸುಮ್ನೆ ಬಿಟ್ಟರೆ ವರ್ಷಗಟ್ಟಲೆ ಒಳಗೇ ಇದ್ದು ಮೂತ್ರಕೋಶ ಹಾಳುಮಾಡುತ್ತದೆ, ಕ್ಯಾನ್ಸರ್‌ವರೆಗೂ ಹೋಗಬಹುದು.

ಇದು ಮಲಾವಿ ಒಂದರದ್ದೇ ಕಥೆಯಲ್ಲ. ಜಿಂಬಾಬ್ವೆ, ಜಾಂಬಿಯಾ, ಮೊಜಾಂಬಿಕ್ ನದಿ ಕೆರೆಗಳಲ್ಲೂ ಇದೆ, ದಕ್ಷಿಣ ಆಫ್ರಿಕಾದ ಲಿಂಪೊಪೊ, ಕ್ವಾಜುಲು ನಟಾಲ್ ಕಡೆಯೂ ಇದೆ. ಸಮುದ್ರದ ನೀರಿನಲ್ಲಿ ಇಲ್ಲ, ಕ್ಲೋರಿನ್ ಹಾಕಿದ ಈಜುಕೊಳದಲ್ಲೂ ಇಲ್ಲ. ಈಜಲೇಬೇಕು ಅನ್ನಿಸಿದರೆ ಅಲ್ಲಿಗೆ ಹೋಗಿ. ಲಾಡ್ಜಿನ ಸ್ನಾನದ ನೀರು ಎಲ್ಲಿಂದ ಬರುತ್ತದೆ ಅಂತಲೂ ಕೇಳಿ. ಸರೋವರದಿಂದ ನೇರ ಪಂಪ್ ಮಾಡಿದ್ದಾದರೆ ಅದೂ ಅದೇ ನೀರು. ಟವೆಲ್‌ನಲ್ಲಿ ಗಟ್ಟಿಯಾಗಿ ಉಜ್ಜಿದರೆ ಸಾಕು ಅನ್ನುವುದನ್ನು ನಂಬಬೇಡಿ.

ಈಗಾಗಲೇ ಈಜಿ ಬಂದಿದ್ದರೆ, ಏನೂ ತೊಂದರೆ ಇಲ್ಲದಿದ್ದರೂ ಒಂದೂವರೆ ಎರಡು ತಿಂಗಳು ಕಳೆದ ಮೇಲೆ ಪರೀಕ್ಷೆ ಮಾಡಿಸಿ. ನಮ್ಮ ಜೊತೆ ನೀರಿಗಿಳಿದಿದ್ದ ಗೆಳತಿಗೆ ಜ್ವರವೂ ಬಂದಿರಲಿಲ್ಲ, ತುರಿಕೆಯೂ ಇರಲಿಲ್ಲ, ನನ್ನ ರಿಪೋರ್ಟ್ ನೋಡಿ ಸಂಶಯಕ್ಕೆ ಮಾಡಿಸಿದಳು, ಅವಳಿಗೂ ಇತ್ತು. ಡಾಕ್ಟರ್ ಹತ್ತಿರ ‘ಆಫ್ರಿಕಾ ಟ್ರಿಪ್’ ಅಂತ ಹೇಳಿ ನಿಲ್ಲಿಸಬೇಡಿ. ಯಾವ ನೀರಿಗೆ, ಯಾವ ತಿಂಗಳು ಇಳಿದಿರಿ ಹೇಳಿ, ಬಿಲ್ಹಾರ್ಜಿಯಾ ಇರಬಹುದಾ ಅಂತ ನೀವೇ ಬಾಯಿ ಬಿಟ್ಟು ಕೇಳಿ.